ಸಂಕದಿಂದ ಬಿದ್ದದ್ದೇ ಒಳ್ಳೆಯದಾಯಿತು

ಸಂಪಾದಕರೇ,

ಶ್ವಾಸಕೋಶದ ಕ್ಯಾನ್ಸರಿಗೆ ರೋಬೋಟ್ ಆಪರೇಷನ್ ಅಂತ ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಫೋಟೋ ಚೆನ್ನಾಗಿತ್ತು. ನಾಲ್ಕು ಕೈಯ ಯಂತ್ರ, ಪಕ್ಕದಲ್ಲಿ ಕೈಕಟ್ಟಿ ನಿಂತ ಡಾಕ್ಟರು. ನಮ್ಮ ಕಾಸರಗೋಡು ಕಡೆಯಿಂದ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವಾಗ ರಸ್ತೆ ಬದಿಯ ದೊಡ್ಡ ಬೋರ್ಡುಗಳಲ್ಲೂ ಈಗ ಇಂಥದ್ದೇ ಫೋಟೋ. ಬರಹದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದನ್ನು ಓದಿ ಮುಗಿಸಿದ ನಮ್ಮ ಪಕ್ಕದ ಮನೆಯವರು "ಇನ್ನು ಹೆದರಿಕೆ ಇಲ್ಲ ಅಲ್ವಾ, ರೋಬೋಟ್ ಬಂತಲ್ಲ" ಎಂದು ಹೇಳಿ ಬೀಡಿ ಹಚ್ಚಿದರು. ಅದನ್ನು ನೋಡಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ಪತ್ರ ಸ್ವಲ್ಪ ಉದ್ದ ಆದೀತು. ಕತ್ತರಿ ಹಾಕುವುದಾದರೆ ದಯವಿಟ್ಟು ಕೊನೆಯಿಂದ ಹಾಕಿ.

ನನ್ನ ಸೋದರಮಾವನಿಗೆ ಹೋದ ವರ್ಷ ಇದೇ ಆಪರೇಷನ್ ಆಯಿತು. ವಯಸ್ಸು 62. ಎಣ್ಮಕಜೆ ಕಡೆ ಒಂದೂವರೆ ಎಕರೆ ಅಡಿಕೆ ತೋಟ. ಹದಿನೇಳನೇ ವಯಸ್ಸಿಗೆ ಹಿಡಿದ ಬೀಡಿ ಆಮೇಲೆ ಬಿಟ್ಟದ್ದೇ ಇಲ್ಲ. ಮಳೆಗಾಲ ಶುರುವಾಗಿತ್ತು, ಕೊಳೆರೋಗಕ್ಕೆ ಮದ್ದು ಬಿಡುವವರು ತೋಟಕ್ಕೆ ಬಂದಿದ್ದರು, ಮೈಲುತುತ್ತು ಸುಣ್ಣ ಎಲ್ಲ ಕಲಸಿ ಆಗಿತ್ತು. ಅವರಿಗೆ ಚಾ ತೆಗೆದುಕೊಂಡು ಹೋಗುವಾಗ ತೋಡಿನ ಸಂಕದಲ್ಲಿ ಮಾವನ ಕಾಲು ಜಾರಿತು. ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ, ಪಾಚಿ ಹಿಡಿದಿತ್ತು. ಚಾದ ಪಾತ್ರೆ ಒಂದು ಕಡೆ, ಮಾವ ಒಂದು ಕಡೆ. ಎದೆಯ ಬಲಭಾಗ ಕಲ್ಲಿಗೆ ಬಡಿದು ಉಸಿರು ತೆಗೆಯಲಿಕ್ಕೆ ಆಗುತ್ತಿರಲಿಲ್ಲ.

ಪಕ್ಕೆಲುಬು ಮುರಿದಿದೆಯೋ ನೋಡೋಣ ಅಂತ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಪಕ್ಕೆಲುಬಿಗೆ ಏನೂ ಆಗಿರಲಿಲ್ಲ. ಬಲ ಶ್ವಾಸಕೋಶದ ಮೇಲಿನ ಭಾಗದಲ್ಲಿ 1.6 ಸೆಂಟಿಮೀಟರಿನ ಒಂದು ಗಂಟು ಕಂಡಿತು. ಸುಲಿದ ಅಡಿಕೆಗಿಂತಲೂ ಚಿಕ್ಕದು. ಕಫದಲ್ಲಿ ರಕ್ತ ಬಿದ್ದಿರಲಿಲ್ಲ, ತೂಕ ಇಳಿದಿರಲಿಲ್ಲ, ಹೊಟ್ಟೆ ತುಂಬ ಉಣ್ಣುತ್ತಿದ್ದರು. ಶ್ವಾಸಕೋಶದ ಒಳಗೆ ನೋವು ತಿಳಿಯುವ ನರಗಳು ಇಲ್ಲವಂತೆ. ಗಂಟು ಹೊರಗಿನ ಪೊರೆಗೋ ಪಕ್ಕೆಲುಬಿಗೋ ತಾಗಿದಾಗಲೇ ನೋವು ಗೊತ್ತಾಗುವುದು. ಆ ಹೊತ್ತಿಗೆ ರೋಬೋಟಿಗೆ ಹೆಚ್ಚು ಕೆಲಸ ಉಳಿದಿರುವುದಿಲ್ಲ.

ಇನ್ನು ಒಂದು ವಿಷಯ, ಇದನ್ನು ಹೇಳಲೇಬೇಕು. ಮಾವ ಸ್ಕ್ಯಾನಿಗೆ ಹೋದ ದಿನ ಅತ್ತೆ ಹಳೆಯ ಕಾಗದ ಎಲ್ಲ ಹುಡುಕಿ ತಂದರು. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಒಂದು ಎಕ್ಸ್‌ರೇ ಚೀಟಿ ಸಿಕ್ಕಿತು, ಅದಕ್ಕಿಂತ ಹಿಂದಿನ ವರ್ಷದ್ದು. ಕೆಮ್ಮು ಜಾಸ್ತಿ ಆಯಿತೆಂದು ಇಲ್ಲೇ ಒಂದು ಆಸ್ಪತ್ರೆಯಲ್ಲಿ ತೆಗೆಸಿದ್ದು, ಹೆಸರು ಬೇಡ. ಅದರ ಕೆಳಗೆ ಡಾಕ್ಟರ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು: ಮೇಲ್ಭಾಗದಲ್ಲಿ ಕಲೆ, ಹಳೆಯ ಟಿ.ಬಿ. ಇರಬಹುದು, ಸಿ.ಟಿ. ಮಾಡಿಸಿ. ಚೀಟಿ ಕೈಗೆ ಕೊಟ್ಟವರು ಬಾಯಲ್ಲಿ ಹೇಳಿದ್ದು ಮಲಯಾಳದಲ್ಲಿ ಒಂದೇ ಮಾತು, "ಕುಳಪ್ಪಮಿಲ್ಲ". ತೊಂದರೆ ಇಲ್ಲ ಅಂತ. ಮಾವನಿಗೆ ಮಲಯಾಳ ಬಾರದೇ ಏನಲ್ಲ, ಪೇಟೆಯಲ್ಲಿ ಅಡಿಕೆ ಮಾರುವುದೇ ಅದರಲ್ಲಿ. ಕುಳಪ್ಪಮಿಲ್ಲ ಅಂದರು, ಮನೆಗೆ ಬಂದರು, ಚೀಟಿ ಕವರಿಗೆ ಹೋಯಿತು. ಆ ಒಂದು ಸಾಲು ಕನ್ನಡದಲ್ಲಿ ಇದ್ದಿದ್ದರೆ ಅತ್ತೆ ಓದುತ್ತಿದ್ದರು. ಅವರು ಪೇಪರನ್ನು ಜಾತಕದ ಕಾಲಮ್ಮಿನವರೆಗೂ ಬಿಡದೆ ಓದುವವರು.

ಟಿ.ಬಿ. ವಿಷಯ ಇಲ್ಲಿಗೇ ಮುಗಿಯಲಿಲ್ಲ. ಸ್ಕ್ಯಾನ್ ನೋಡಿದ ಮೇಲೂ ಒಬ್ಬರು ಟಿ.ಬಿ. ಮಾತ್ರೆ ಶುರು ಮಾಡೋಣ, ಮೂರು ತಿಂಗಳು ನೋಡೋಣ ಅಂದರು. ಅವರನ್ನು ಬೈಯುವುದಿಲ್ಲ, ನಮ್ಮ ದೇಶದಲ್ಲಿ ಶ್ವಾಸಕೋಶದಲ್ಲಿ ಕಲೆ ಕಂಡರೆ ಟಿ.ಬಿ. ಅನ್ನುವುದು ಹೆಚ್ಚಿನ ಸಲ ಸರಿಯೇ. ಆದರೆ ಕಫದಲ್ಲಿ ಟಿ.ಬಿ. ಇಲ್ಲ ಅಂತ ಬಂದ ಮೇಲೂ, ನಲವತ್ತೈದು ವರ್ಷ ಬೀಡಿ ಸೇದಿದವರಿಗೆ, ಸುಮ್ನೆ ಮಾತ್ರೆ ಕೊಟ್ಟು ಕಾಯುವುದು ಹೇಗೆ? ಎಷ್ಟೋ ಜನರ ಮೊದಲ ಹಂತ ಈ ಕಾಯುವುದರಲ್ಲೇ ದಾಟಿ ಹೋಗುತ್ತದೆ. ನಾವು ಮಂಗಳೂರಿಗೆ ಹೋದೆವು. ಸೂಜಿ ಹಾಕಿ ತುಣುಕು ತೆಗೆದರು, ಕ್ಯಾನ್ಸರ್ ಅಂತಲೇ ಬಂತು. ಪೆಟ್ ಸ್ಕ್ಯಾನಿನಲ್ಲಿ ಬೇರೆಲ್ಲೂ ಹರಡಿರಲಿಲ್ಲ. ಮೊದಲ ಹಂತ.

ಸುದ್ದಿ ಊರಿಗೆ ತಲುಪಿದ ಕೂಡಲೇ ಎಲ್ಲರೂ ಹೇಳಿದ್ದು ಎಂಡೋಸಲ್ಫಾನ್. ನಮ್ಮ ಕಡೆ ಅದು ಸಹಜ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ವಿಷ ಸುರಿಯುವುದು 2000ದವರೆಗೂ ನಡೆದದ್ದು, ಅದನ್ನು ಕಣ್ಣಾರೆ ಕಂಡ ಊರು ಇದು, ಆ ನೋವು ಇನ್ನೂ ಮನೆಮನೆಯಲ್ಲಿ ಇದೆ. ಮಾವನೂ ಡಾಕ್ಟರ ಹತ್ತಿರ ಅದನ್ನೇ ಕೇಳಿದರು. ಡಾಕ್ಟರು ಬೀಡಿ ಎಷ್ಟು ಕಟ್ಟು ಅಂತ ತಿರುಗಿ ಕೇಳಿದರು. ದಿನಕ್ಕೆ ಒಂದು ಕಟ್ಟು. "ಹಾಗಾದರೆ ಬೇರೆ ಕಾರಣ ಹುಡುಕುವುದು ಬೇಡ" ಅಂದರು. ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆ, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಎಲೆ ಬೇಗ ಆರಿಹೋಗುತ್ತದೆ, ಆರದ ಹಾಗೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು, ಹಾಗಾಗಿ ಒಳಗೆ ಹೋಗುವ ಟಾರು, ನಿಕೋಟಿನ್ ಸಿಗರೇಟಿಗಿಂತ ಜಾಸ್ತಿಯೇ. ಹೇಳಲಿಕ್ಕೆ ಸಂಕಟ ಆಗುವುದು ಏನೆಂದರೆ, ಇಬ್ಬರು ಮಕ್ಕಳನ್ನು ಓದಿಸಿದ್ದೇ ಅತ್ತೆ ಕಟ್ಟಿದ ಬೀಡಿ. ಮಡಿಲಲ್ಲಿ ಗೆರಸೆ, ಕೈಯಲ್ಲಿ ಕತ್ತರಿ, ಶನಿವಾರ ಬೀಡಿ ಬ್ರಾಂಚಿಗೆ ನಡಿಗೆ. ಆಸ್ಪತ್ರೆಯಲ್ಲಿ ಡಾಕ್ಟರು ಬೀಡಿ ಅಂದಾಗಲೆಲ್ಲ ಅತ್ತೆ ತಲೆ ತಗ್ಗಿಸುತ್ತಿದ್ದರು. ಬೀಡಿ ಸೇದದ, ಒಲೆಯ ಹೊಗೆ ಮಾತ್ರ ಕುಡಿದ ಹೆಂಗಸರಿಗೂ ಈ ಕ್ಯಾನ್ಸರ್ ಬರುತ್ತದೆ ಅನ್ನುವುದು ಬೇರೆ ಮಾತು.

ಈಗ ರೋಬೋಟಿಗೆ ಬರುತ್ತೇನೆ. ಯಂತ್ರವೇ ಕೊಯ್ಯುತ್ತದೆ ಅಂತ ತಿಳಿದವರು ನಮ್ಮೂರಲ್ಲಿ ಜಾಸ್ತಿ, ನಾನೂ ಹಾಗೇ ತಿಳಿದಿದ್ದೆ. "ನಡುವೆ ಕರೆಂಟು ಹೋದರೆ?" ಅಂತ ಚಿಕ್ಕಪ್ಪ ಕೇಳಿದ್ದಕ್ಕೆ ಯಾರೂ ನಗಲಿಲ್ಲ, ನಮ್ಮೂರಿನ ಕರೆಂಟು ಗೊತ್ತಲ್ಲ. ಆಸ್ಪತ್ರೆಯ ಜನರೇಟರ್ ಅಲ್ಲದೆ ಯಂತ್ರಕ್ಕೆ ಅದರದ್ದೇ ಬ್ಯಾಟರಿ ಇರುತ್ತದೆ. ಮತ್ತೆ, ಅದು ತಾನಾಗಿ ಏನೂ ಮಾಡುವುದಿಲ್ಲ. ನಮ್ಮ ಯಕ್ಷಗಾನ ಗೊಂಬೆಯಾಟದ ಹಾಗೆ. ಗೊಂಬೆ ಮುಂದೆ, ಸೂತ್ರ ಹಿಡಿದವರು ಹಿಂದೆ. ಸರ್ಜನ್ ಅದೇ ಕೋಣೆಯ ಒಂದು ಮೂಲೆಯಲ್ಲಿ ಕೂತು, ಕಣ್ಣನ್ನು ಒಂದು ಪೆಟ್ಟಿಗೆಗೆ ಒತ್ತಿ, ಎರಡು ಕೈಯ ಬೆರಳು ಆಡಿಸುತ್ತಾರೆ. ರೋಗಿಯ ಪಕ್ಕ ಇನ್ನೊಬ್ಬರು ಡಾಕ್ಟರು ನಿಂತಿರುತ್ತಾರೆ. ಬೆರಳು ಹೇಗೆ ತಿರುಗಿತೋ ಎದೆಯ ಒಳಗಿನ ಸಣ್ಣ ಉಪಕರಣ ಹಾಗೆ ತಿರುಗುತ್ತದೆ. ನಮ್ಮ ಮಣಿಕಟ್ಟಿಗಿಂತಲೂ ಜಾಸ್ತಿ ತಿರುಗುತ್ತದಂತೆ. ಕೈ ಸ್ವಲ್ಪ ನಡುಗಿದರೆ ಆ ನಡುಕವನ್ನು ಯಂತ್ರ ಸೋಸಿಬಿಡುತ್ತದೆ. ಒಳಗಿನದ್ದು ದೊಡ್ಡದಾಗಿ, ಆಳ ಸಮೇತ ಕಾಣುತ್ತದೆ.

ಹಳೆಯ ಪದ್ಧತಿಯಲ್ಲಿ ಬೆನ್ನಿನಿಂದ ಎದೆಯ ಪಕ್ಕದವರೆಗೆ ಉದ್ದಕ್ಕೆ ಕೊಯ್ದು, ಪಕ್ಕೆಲುಬುಗಳನ್ನು ಕಬ್ಬಿಣದ ಉಪಕರಣದಿಂದ ಅಗಲಿಸಿ ಒಳಗೆ ಕೈ ಹಾಕುತ್ತಿದ್ದರು. ಆ ನೋವು ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ. ಮಾವನಿಗೆ ಪಕ್ಕೆಲುಬಿನ ಸಂದಿನಲ್ಲಿ ನಾಲ್ಕು ಸಣ್ಣ ತೂತು. ಅದರಲ್ಲಿ ಒಂದನ್ನು ತುಂಡು ಹೊರಗೆ ತರಲು ಸ್ವಲ್ಪ ದೊಡ್ಡದು ಮಾಡಿದ್ದರು. ಆಪರೇಷನ್ ಹೊತ್ತಿಗೆ ಬಲ ಶ್ವಾಸಕೋಶದ ಗಾಳಿ ತೆಗೆದು ಮುದುಡಿಸಿ, ಎಡದ್ದರಲ್ಲಿ ಮಾತ್ರ ಉಸಿರಾಡಿಸುತ್ತಾರೆ. ಅದಕ್ಕೇ ಮೊದಲು ಊದಿಸಿ, ನಡೆಸಿ, ಒಂದೇ ಶ್ವಾಸಕೋಶದಲ್ಲಿ ತಡೆದುಕೊಳ್ಳುವ ಶಕ್ತಿ ಇದೆಯಾ ಅಂತ ನೋಡುವುದು. ಆಪರೇಷನಿಗೆ ಮೂರು ವಾರ ಮೊದಲು ಬೀಡಿ ಪೂರ್ತಿ ಬಂದ್. ಮಾವ ನಲವತ್ತೈದು ವರ್ಷದಲ್ಲಿ ಮೊದಲ ಸಲ ಚಹಾ ಕುಡಿದು ಸುಮ್ಮನೆ ಕೂತದ್ದನ್ನು ನೋಡಿದೆ. ಕೈಗೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ.

ಎಷ್ಟು ತೆಗೆಯಬೇಕು ಅನ್ನುವುದು ಇನ್ನೊಂದು ಪ್ರಶ್ನೆ. ಬಲ ಶ್ವಾಸಕೋಶದಲ್ಲಿ ಮೂರು ಹಾಲೆ (ದೊಡ್ಡ ಪಾಲು), ಎಡದಲ್ಲಿ ಎರಡು. ಗಂಟು ಇದ್ದ ಇಡೀ ಹಾಲೆ ತೆಗೆಯುವುದು ಬಹಳ ವರ್ಷದ ರೂಢಿ. ಜಪಾನಿನಲ್ಲಿ ಎರಡು ಸೆಂಟಿಮೀಟರಿನ ಒಳಗಿನ ಗಂಟು ಇದ್ದ 1106 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇಡೀ ಹಾಲೆ, ಇನ್ನೊಂದಕ್ಕೆ ಹಾಲೆಯ ಒಂದು ಭಾಗ ಮಾತ್ರ ತೆಗೆದು ನೋಡಿದರು. 2022ರಲ್ಲಿ ಅದರ ಫಲಿತಾಂಶ ಬಂತು. ಐದು ವರ್ಷದ ಕೊನೆಗೆ ಭಾಗ ಮಾತ್ರ ತೆಗೆದವರಲ್ಲಿ 94.3 ಶೇಕಡಾ ಜನ ಬದುಕಿದ್ದರು, ಇಡೀ ಹಾಲೆ ತೆಗೆದವರಲ್ಲಿ 91.1. ಹಾಗಾಗಿ ಮಾವನಿಗೂ ಭಾಗ ಮಾತ್ರ. ಆದರೆ ಹಾಲೆಯೊಳಗೆ ಈ ಭಾಗ ಇಲ್ಲಿಗೆ ಮುಗಿಯಿತು ಅಂತ ಗೆರೆ ಎಳೆದಿರುವುದಿಲ್ಲವಲ್ಲ. ಆ ಭಾಗಕ್ಕೆ ಹೋಗುವ ರಕ್ತನಾಳವನ್ನು ಮೊದಲು ಕಟ್ಟಿ, ಸೂಜಿಯಲ್ಲಿ ರಕ್ತಕ್ಕೆ ಒಂದು ಬಣ್ಣ ಕೊಡುತ್ತಾರೆ. ವಿಶೇಷ ಕ್ಯಾಮೆರಾದಲ್ಲಿ ನೋಡಿದರೆ ರಕ್ತ ಹೋಗುವ ಜಾಗ ಎಲ್ಲ ಹಸಿರಾಗಿ ಹೊಳೆಯುತ್ತದೆ, ಕಟ್ಟಿದ ಭಾಗ ಕಪ್ಪಾಗಿ ಉಳಿಯುತ್ತದೆ. ಆ ಗಡಿಯಲ್ಲೇ ಕೊಯ್ಯುವುದು. ಸರ್ಜನ್ ಮೊಬೈಲಿನಲ್ಲಿ ಅದರ ವಿಡಿಯೋ ತೋರಿಸಿದರು. ಮಳೆ ಬಿದ್ದ ಮಾರನೇ ದಿನದ ಗುಡ್ಡದ ಹಸಿರು, ನಡುವೆ ಸುಟ್ಟ ಜಾಗದ ಹಾಗೆ ಒಂದು ಕಪ್ಪು. ಅತ್ತೆ ಎರಡು ಸಲ ನೋಡಿದರು, ಮಾವ ಬೇಡ ಅಂದರು.

ಇಷ್ಟೆಲ್ಲ ಹೊಗಳಿದ ಮೇಲೆ ದುಡ್ಡಿನ ಮಾತು. ಆಸ್ಪತ್ರೆಯ ಪ್ಯಾಕೇಜ್ ಮೇಜಿನಲ್ಲಿ ಮೂರು ರೇಟು ಹೇಳಿದರು. ತೆರೆದು ಮಾಡುವುದಕ್ಕೆ ಒಂದು, ಕೀಹೋಲಿಗೆ (ಸಣ್ಣ ತೂತಿನಲ್ಲಿ ಕ್ಯಾಮೆರಾ ಬಿಟ್ಟು, ರೋಬೋಟ್ ಇಲ್ಲದೆ ಕೈಯಿಂದಲೇ ಮಾಡುವುದು) ಒಂದು, ರೋಬೋಟಿಗೆ ಒಂದು. ಕೀಹೋಲಿಗಿಂತ ರೋಬೋಟಿಗೆ ಒಂದೂವರೆ ಲಕ್ಷ ಜಾಸ್ತಿ. ಹೇಳಿದವರ ಧ್ವನಿ ಹೇಗಿತ್ತೆಂದರೆ, ರೋಬೋಟ್ ಬೇಡ ಅಂದರೆ ಮಾವನ ಮೇಲೆ ಪ್ರೀತಿ ಇಲ್ಲ ಅಂತ. ಅತ್ತೆ ಆಗಲೇ ಬಳೆಗೆ ಕೈ ಹಾಕಿದ್ದರು. ನಾನು ನೇರ ಸರ್ಜನರನ್ನೇ ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. ತೆರೆದು ಮಾಡುವುದಕ್ಕಿಂತ ಕೀಹೋಲ್ ಆಗಲಿ ರೋಬೋಟ್ ಆಗಲಿ ನೋವು ಕಡಿಮೆ, ಬೇಗ ಚೇತರಿಕೆ, ಅದು ಖಂಡಿತ. ಆದರೆ ಕೀಹೋಲಿಗೂ ರೋಬೋಟಿಗೂ ಹೋಲಿಸಿದರೆ ರೋಗಿ ಎಷ್ಟು ವರ್ಷ ಬದುಕುತ್ತಾನೆ ಅನ್ನುವುದರಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಸಂದಿಗೊಂದಿಯ ದುಗ್ಧಗ್ರಂಥಿಗಳನ್ನು (ಕ್ಯಾನ್ಸರ್ ಹರಡಿದೆಯಾ ಅಂತ ನೋಡುವ ಲಿಂಫ್ ಗ್ರಂಥಿಗಳು) ಬಿಡಿಸುವಾಗ, ಹೀಗೆ ಸಣ್ಣ ಭಾಗ ತೆಗೆಯುವಾಗ ರೋಬೋಟ್ ಅನುಕೂಲ. ಎಲ್ಲಕ್ಕಿಂತ ಮುಖ್ಯ, ಮಾಡುವವರ ಕೈಗೆ ಯಾವುದು ಹೆಚ್ಚು ಪಳಗಿದೆ ಅನ್ನುವುದು. ಆ ಸರ್ಜನರ ಕೈ ರೋಬೋಟಿನಲ್ಲೇ ಪಳಗಿತ್ತು, ಅದಕ್ಕೆ ಒಪ್ಪಿದೆವು. ಕೀಹೋಲಿನಲ್ಲಿ ಪಳಗಿದವರು ಸಿಕ್ಕಿದ್ದರೆ ಅದಕ್ಕೂ ಒಪ್ಪುತ್ತಿದ್ದೆ. ಬಳೆ ಮಾರಿ ಯಂತ್ರ ಕೊಳ್ಳಬೇಡಿ, ಮಾಡುವವರು ಎಷ್ಟು ಮಾಡಿದ್ದಾರೆ ಅಂತ ಕೇಳಿ. ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ.

ವಿಮೆ ಇದ್ದವರಿಗೆ ಒಂದು ಮಾತು. ರೋಬೋಟ್ ಆಪರೇಷನನ್ನು ವಿಮೆಯಿಂದ ಹೊರಗಿಡಬಾರದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಹೇಳಿದೆ. ಆದರೆ ಇಷ್ಟೇ ಕೊಡುತ್ತೇವೆ ಅಂತ ಮಿತಿ ಹಾಕಲು ಕಂಪನಿಗೆ ಬಿಟ್ಟಿತ್ತು. ಮಾವನ ಮಗ ಮಾಡಿಸಿದ ಪಾಲಿಸಿಯಲ್ಲಿ ಆ ಮಿತಿ ಹದಿನೇಳನೇ ಪುಟದಲ್ಲಿ ಇತ್ತು. ನಮಗೆ ಗೊತ್ತಾದದ್ದು ಡಿಸ್ಚಾರ್ಜ್ ದಿನ.

ಆಪರೇಷನ್ ಆದ ಮೇಲೆ ಪಕ್ಕೆಯಿಂದ ಒಂದು ಕೊಳವೆ ನೀರಿನ ಬಾಟಲಿಗೆ ಬಿಟ್ಟಿದ್ದರು. ಕೆಮ್ಮಿದಾಗ ನೀರಿನಲ್ಲಿ ಗುಳ್ಳೆ ಬರುತ್ತದೆ. ಗುಳ್ಳೆ ಅಂದರೆ ಶ್ವಾಸಕೋಶದಿಂದ ಗಾಳಿ ಇನ್ನೂ ಸೋರುತ್ತಿದೆ ಅಂತ. ಅದು ನಿಂತ ಮೇಲೆಯೇ ಕೊಳವೆ ತೆಗೆಯುವುದು. ಅತ್ತೆ ಬಾಟಲಿಯ ಮುಂದೆ ಸ್ಟೂಲ್ ಹಾಕಿ ಕೂತು ಗುಳ್ಳೆ ಎಣಿಸುತ್ತಿದ್ದರು. ಬೀಡಿ ಎಣಿಸಿ ಅಭ್ಯಾಸ ಇರುವ ಕೈ, ಬೆರಳು ಮಡಚಿ ಮಡಚಿ. ಮೊದಲ ದಿನ ಲೆಕ್ಕಕ್ಕೆ ಸಿಗದಷ್ಟು. ಮೂರನೇ ದಿನ ಕೆಮ್ಮಿಗೆ ಎರಡೋ ಮೂರೋ. ನಾಲ್ಕನೇ ದಿನ ರಾತ್ರಿ ನರ್ಸನ್ನು ಎಬ್ಬಿಸಿ "ಇಲ್ಲ, ಬರುತ್ತಿಲ್ಲ" ಅಂದರಂತೆ. ಮರುದಿನ ಎಕ್ಸ್‌ರೇ ನೋಡಿ ಕೊಳವೆ ತೆಗೆದರು. ಆರನೇ ದಿನ ಮನೆ. ಗ್ರಂಥಿಗಳಲ್ಲಿ ಏನೂ ಇಲ್ಲ ಅಂತ ರಿಪೋರ್ಟು ಬಂತು, ಕೀಮೋ ಬೇಕಾಗಲಿಲ್ಲ. ಊದುವ ಮೂರು ಚೆಂಡಿನ ಡಬ್ಬಿ ಒಂದು ಕೊಟ್ಟಿದ್ದರು. ಹೆಸರಿಗೆ ಊದುವುದು, ನಿಜಕ್ಕೂ ಉಸಿರು ಒಳಗೆ ಎಳೆಯಬೇಕು, ಎಳೆದಷ್ಟು ಚೆಂಡು ಮೇಲೇಳುತ್ತದೆ. ಮಾವ ಬೀಡಿ ಎಳೆದ ಅನುಭವದಿಂದ ಎರಡು ಚೆಂಡು ಕೂಡಲೇ ಎಬ್ಬಿಸಿದರು, ಮೂರನೆಯದಕ್ಕೆ ಎರಡು ತಿಂಗಳು ಬೇಕಾಯಿತು.

ಓದುತ್ತಾ ಸಿಕ್ಕಿದ ಒಂದು ಕತೆ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎವರ್ಟ್ಸ್ ಗ್ರಹಾಂ ಎಂಬ ಸರ್ಜನ್ ಕ್ಯಾನ್ಸರ್ ಇದ್ದ ಒಂದು ಇಡೀ ಶ್ವಾಸಕೋಶವನ್ನೇ ಒಂದೇ ಸಲಕ್ಕೆ ತೆಗೆದರು. ರೋಗಿಯೂ ಒಬ್ಬ ಡಾಕ್ಟರೇ. ಆ ರೋಗಿ ಮತ್ತೆ ಸುಮಾರು 30 ವರ್ಷ ಬದುಕಿದರು. ಗ್ರಹಾಂ ಮಾತ್ರ ಸಿಗರೇಟು ಬಿಡಲು ತಡ ಮಾಡಿದರು. ಸಿಗರೇಟಿಗೂ ಈ ಕ್ಯಾನ್ಸರಿಗೂ ನಂಟು ಇದೆ ಅಂತ 1950ರಲ್ಲಿ ಬರೆದು ತೋರಿಸಿದವರಲ್ಲಿ ಅವರೂ ಒಬ್ಬರು, 1957ರಲ್ಲಿ ತೀರಿಕೊಂಡದ್ದು ಅದೇ ಕ್ಯಾನ್ಸರಿನಿಂದ. ಇದನ್ನು ಮಾವನಿಗೆ ಓದಿ ಹೇಳಿದೆ. "ಡಾಕ್ಟರಿಗೇ ಬಿಡಲಿಕ್ಕೆ ಆಗಲಿಲ್ಲ ನೋಡು" ಅಂದರು. ನಾನು ಹೇಳಹೊರಟದ್ದು ಅದಲ್ಲ.

ಈಗ ನನ್ನ ತಕರಾರು. ನಮ್ಮ ಜಿಲ್ಲೆಯವರಿಗೆ ರೋಬೋಟ್ ಸಿಗುವುದಿಲ್ಲ ಅನ್ನುವ ಕಾಲ ಹೋಯಿತು. ತಿರುವನಂತಪುರದ ಆರ್.ಸಿ.ಸಿ.ಯಲ್ಲಿ (ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ) 2024ರ ಜನವರಿಯಲ್ಲಿ ಕೇರಳದ ಸರ್ಕಾರಿ ವಲಯದ ಮೊದಲ ರೋಬೋಟ್ ಘಟಕ ಶುರುವಾಯಿತು, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೂ ಬಂತು. ನಮ್ಮ ದೇಶದಲ್ಲೇ ತಯಾರಾಗುವ ರೋಬೋಟೂ ಈಗ ಇದೆ, ಮುಂದೆ ದರ ಇಳಿದೀತು. ಯಂತ್ರದವರೆಗೆ ಹೋಗುವ ದಾರಿ ಎಲ್ಲಿದೆ ಅನ್ನುವುದೇ ಪ್ರಶ್ನೆ. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರು ಎಷ್ಟು ದೂರ ಅಂತ ನಮಗೆ ಗೊತ್ತಾಯಿತು. ಆಂಬುಲೆನ್ಸ್ ಅಲ್ಲೇ ನಿಂತು, ಜನ ಸತ್ತರು. ಉಳಿದ ದಿನಗಳಲ್ಲಿ ನಮ್ಮನ್ನು ತಡೆಯುವುದು ಕವರಿನೊಳಗಿನ ಚೀಟಿ.

ಅಮೆರಿಕದಲ್ಲಿ ತುಂಬಾ ವರ್ಷ ಸಿಗರೇಟು ಸೇದಿದ 53 ಸಾವಿರ ಜನರಲ್ಲಿ ಅರ್ಧದಷ್ಟು ಜನರಿಗೆ ಎದೆಯ ಎಕ್ಸ್‌ರೇ, ಉಳಿದವರಿಗೆ ಕಡಿಮೆ ವಿಕಿರಣದ ಸಿ.ಟಿ. ಮಾಡಿ ನೋಡಿದ್ದರು. 2011ರಲ್ಲಿ ಬಂದ ಉತ್ತರ, ಸಿ.ಟಿ. ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು ಶೇಕಡಾ 20ರಷ್ಟು ಕಡಿಮೆ. ಹಾಗಂತ ನಮ್ಮಲ್ಲಿ ಎಲ್ಲರಿಗೂ ಸಿ.ಟಿ. ಮಾಡಿ ಅನ್ನುವುದಿಲ್ಲ. ಟಿ.ಬಿ. ಬಂದು ಹೋದ ಕಲೆ ನೂರಾರು ಜನರಿಗೆ ಇದೆ, ಅವರನ್ನೆಲ್ಲ ಹೆದರಿಸಿ ಸೂಜಿ ಚುಚ್ಚಿದ ಹಾಗೆ ಆದೀತು. ಆದರೆ ಐವತ್ತು ದಾಟಿದ, ಮೂವತ್ತು ವರ್ಷ ಬೀಡಿ ಸೇದಿದವರ ಎಕ್ಸ್‌ರೇಯಲ್ಲಿ ಒಂದು ಕಲೆ ಕಂಡರೆ? ಅವರನ್ನಾದರೂ ಸಿ.ಟಿ.ಗೆ ಕಳಿಸಿ, ಹೋದರೋ ಇಲ್ಲವೋ ಅಂತ ಒಂದು ಫೋನ್ ಮಾಡಬಹುದು. ಕೇರಳ ಆರೋಗ್ಯ ಇಲಾಖೆಯ ಶೈಲಿ ಆ್ಯಪ್ ಹಿಡಿದುಕೊಂಡು ಆಶಾ ಕಾರ್ಯಕರ್ತೆ ಮನೆಗೆ ಬಂದು ಬಿ.ಪಿ., ಶುಗರ್ ಎಲ್ಲ ಕೇಳಿ ಹೋಗುತ್ತಾರೆ. ಹಳೆಯ ಎಕ್ಸ್‌ರೇ ಚೀಟಿ ಇದ್ದರೆ ತೋರಿಸಿ ಅಂತ ಅವರೇ ಕೇಳಿದರೆ ಸಾಕು, ನಮ್ಮ ವಾರ್ಡಿನಲ್ಲೇ ಎಷ್ಟು ಕವರು ತೆರೆದಾವು.

ಮತ್ತೆ ಆ ಒಂದು ಸಾಲು ಕನ್ನಡದಲ್ಲಿ ಬೇಕು. ಇದರಲ್ಲಿ ಮಲಯಾಳದ ಮೇಲೆ ಸಿಟ್ಟು ಇಲ್ಲ. ಕನ್ನಡ, ತಮಿಳು ಮಾತಾಡುವವರು ತಮ್ಮ ಭಾಷೆಯಲ್ಲಿ ಸರ್ಕಾರದ ಜೊತೆ ವ್ಯವಹರಿಸಬಹುದು ಅಂತ ಕೇರಳದ 1969ರ ಆಡಳಿತ ಭಾಷೆ ಕಾನೂನಿನಲ್ಲೇ ಇದೆ. ಅರ್ಜಿ ಬರೆಯಲು ಇರುವ ಹಕ್ಕು ಎಕ್ಸ್‌ರೇ ಚೀಟಿಗೆ ಯಾಕೆ ಬೇಡ? ರಬ್ಬರ್ ಸ್ಟಾಂಪ್ ಒಂದು ಮಾಡಿಸಿದರೂ ಆಗುತ್ತದೆ: "ಕಲೆ ಇದೆ, ಸಿ.ಟಿ. ಮಾಡಿಸಲೇಬೇಕು." ಅದಕ್ಕೆ ಒಂದೂವರೆ ಲಕ್ಷ ಬೇಡ. ನೀವು ರೋಬೋಟಿನ ಫೋಟೋ ಹಾಕಿದಷ್ಟೇ ದೊಡ್ಡದಾಗಿ ಈ ಸ್ಟಾಂಪಿನ ಸುದ್ದಿ ಹಾಕುವ ದಿನ ಬಂದರೆ ಪೇಪರಿನ ಒಂದು ಪ್ರತಿ ಜಾಸ್ತಿ ಕೊಳ್ಳುತ್ತೇನೆ.

ಮಾವ ಈಗ ಆರಾಮ. ಆರು ತಿಂಗಳಿಗೊಮ್ಮೆ ಸ್ಕ್ಯಾನ್. ತೋಡಿಗೆ ಸಿಮೆಂಟಿನ ಸಂಕ ಹಾಕಿಸಿದ್ದೇವೆ. ಹಳೆಯ ಅಡಿಕೆ ಮರ ಎರಡನ್ನೂ ಒಲೆಗೆ ಹಾಕಲು ಅತ್ತೆ ಬಿಡಲಿಲ್ಲ, ಕೊಟ್ಟಿಗೆಯ ಹಿಂದೆ ಇಟ್ಟಿದ್ದಾರೆ.

ಪಕ್ಕದ ಮನೆಯವರ ಹತ್ತಿರವೂ ಒಂದು ಹಳೆಯ ಚೀಟಿ ಇದೆ ಅಂತ ಮೊನ್ನೆ ಗೊತ್ತಾಯಿತು. ಸೋಮವಾರ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಅಂದಾಜು. ಬರುವುದಿಲ್ಲ ಅಂದಿದ್ದಾರೆ. ಬಸ್ಸು ಏಳೂಕಾಲಕ್ಕೆ, ನೋಡಬೇಕು.

ಇತಿ,
ಒಬ್ಬ ಓದುಗ
ಪೆರ್ಲ, ಕಾಸರಗೋಡು ಜಿಲ್ಲೆ